ಎಡತೋಳಿನ ಬಣ್ಣ

ನವರಾತ್ರಿಯ ಗೊಂಬೆಗಳು ಪೆಟ್ಟಿಗೆ ಸೇರಿ ಅಟ್ಟ ಹತ್ತುತ್ತಿದ್ದಂತೆ ನಮ್ಮ ಮನೆಯಲ್ಲಿ ಇನ್ನೊಂದು ಪೆಟ್ಟಿಗೆ ಕೆಳಗಿಳಿಯುತ್ತದೆ. ಹಳೆಯ ಬಿಸ್ಕತ್ತಿನ ತಗಡಿನ ಡಬ್ಬ. ಅದರಲ್ಲಿ ಉಲ್ಲನ್ನು, ನಾನಾ ನಂಬರಿನ ಕಡ್ಡಿಗಳು, ಒಂದು ಕ್ರೋಶಾ ಸೂಜಿ, ಅಂಕಿ ಅಳಿಸಿಹೋದ ಅಳತೆ ಟೇಪು, ಯಾವ ಅಂಗಿಗೂ ಹೊಂದದ ಗುಂಡಿಗಳು, ಇವೆಲ್ಲಕ್ಕೂ ಮೆತ್ತಿಕೊಂಡ ನುಸಿಗುಳಿಗೆಯ ವಾಸನೆ. ಆ ವಾಸನೆ ಮೂಗಿಗೆ ಬಡಿದರೆ ನನ್ನ ಮಟ್ಟಿಗೆ ಶರದೃತು ಬಂದಂತೆ.

ಕಾದಂಬರಿಗಳಲ್ಲಿ ಓದಿದ, ಎಲೆ ಕೆಂಪಾಗಿ ಉದುರುವ ಶರತ್ಕಾಲ ನಮ್ಮ ಅರಸೀಕೆರೆಯಲ್ಲಿಲ್ಲ. ತೆಂಗಿನ ಮರಕ್ಕೆ ಅಂಥ ಅಭ್ಯಾಸ ಇಲ್ಲ. ತೋಚಿದಾಗ ಒಂದು ಗರಿ ಬೀಳಿಸುತ್ತದೆ, ಅದೂ ಕೆಳಗೆ ಯಾರೂ ಇಲ್ಲದಾಗ ನೋಡಿಕೊಂಡು ಎಂದು ತೋಟದವರ ನಂಬಿಕೆ. ನಮ್ಮ ಗುರುತುಗಳೇ ಬೇರೆ. ಹೊಲದ ಬದುವಿನಲ್ಲಿ ಹುಚ್ಚೆಳ್ಳು ಹಳದಿ ಹೂ ಬಿಡುತ್ತದೆ. ರಾಗಿ ತೆನೆ ಬಾಗುತ್ತದೆ. ಸಂತೆಗೆ ಸೇವಂತಿಗೆ ಮಾರಿನ ಲೆಕ್ಕದಲ್ಲಿ ಬರುತ್ತದೆ. ಬೆಳಗಿನ ಹೊತ್ತು ರೈಲು ಜಂಕ್ಷನ್ನಿನ ಕೂಗು ಮಂಜಿನೊಳಗಿಂದ ಪಕ್ಕದ ಬೀದಿಯಲ್ಲೇ ಕೇಳಿಸುತ್ತದೆ. ‘ಯಾಕೋ ಚಳಿ ಅಲ್ವಾ?’ ಎಂದು ಯಾರಾದರೂ ಒಬ್ಬರು ಹೇಳಿದರೆ ಸಾಕು, ಇಡೀ ಬೀದಿ ಕಿವಿಗೆ ಮಫ್ಲರು ಸುತ್ತಿಕೊಳ್ಳುತ್ತದೆ.

ಉಲ್ಲನ್ನು ಈಗ ಉಂಡೆಯಾಗಿಯೇ ಸಿಗುತ್ತದೆ. ಆದರೆ ಲಡಿಯಲ್ಲಿ ಕೊಂಡರೆ ಅಗ್ಗ ಎಂಬುದು ನನ್ನ ಹೆಂಡತಿಯ ಅರ್ಥಶಾಸ್ತ್ರ. ಲಡಿಯನ್ನು ಉಂಡೆ ಮಾಡಲು ಎರಡು ಕಂಬಗಳು ಬೇಕು. ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ ನನಗೆ ಸಿಕ್ಕ ಹುದ್ದೆ ಅದು. ಜಗಲಿಯ ಮೇಲೆ ಕೂತು ಎರಡೂ ಕೈ ಮುಂದೆ ಚಾಚಬೇಕು, ಲಡಿಯನ್ನು ಅವಕ್ಕೆ ತೊಡಿಸುತ್ತಾಳೆ. ಎಳೆ ಸಾಗಿದಂತೆಲ್ಲ ಕೈಗಳನ್ನು ಎಡಕ್ಕೂ ಬಲಕ್ಕೂ ತೂಗುತ್ತಿರಬೇಕು. ಮೂಗು ತುರಿಸುವುದು ಸರಿಯಾಗಿ ಆಗಲೇ. ಕಳೆದ ವರ್ಷ ಹೀಗೆ ಬಂಧನದಲ್ಲಿದ್ದಾಗ ಹಿಂದಿನ ಬೀದಿಯ ದಂಪತಿ ಮದುವೆಗೆ ಕರೆಯಲು ಬಂದರು, ಜೊತೆಯಲ್ಲಿ ಮದುಮಗನೂ ಇದ್ದ. ನಮಸ್ಕಾರ ಎಂದರೆ ಕೈ ಜೋಡಿಸುವಂತಿಲ್ಲ. ಎದ್ದು ನಿಲ್ಲುವಂತಿಲ್ಲ. ‘ರೀ, ಕೈ ಇಳಿಸಬೇಡಿ, ಸಿಕ್ಕಾಗುತ್ತೆ’ ಎಂದು ಎಚ್ಚರಿಸಿ ಇವಳು ಕುಂಕುಮ ತರಲು ಒಳಗೆ ಹೋದಳು. ‘ಮೇಷ್ಟ್ರೇ, ಕೈಗೇನಾಯ್ತು?’ ಎಂದು ಆತ ಗಾಬರಿಯಿಂದ ಕೇಳಿದರು. ಲಗ್ನಪತ್ರಿಕೆಯನ್ನು ಎಲ್ಲಿಡುವುದೆಂದು ಸ್ವಲ್ಪ ಹೊತ್ತು ಯೋಚಿಸಿ, ನನ್ನ ಜೇಬಿಗೆ ತುರುಕಿ, ಮೇಲೆ ಎರಡು ಕಾಳು ಅಕ್ಷತೆಯನ್ನೂ ಹಾಕಿದರು. ಹುಡುಗ ಕಾಲಿಗೆ ಬಿದ್ದ. ಕೈಗಳು ಆಗಲೇ ಎತ್ತಿದ್ದವು. ಆಶೀರ್ವಾದಕ್ಕೆ ಹೊಸದಾಗಿ ಶ್ರಮಪಡಬೇಕಾಗಲಿಲ್ಲ.

ಕೈ ಕಟ್ಟಿದರೆ ತಲೆ ಓಡುತ್ತದೆ. ನಮ್ಮ ಕಡೆಯ ಮನೆಗಳಲ್ಲಿ ಸುಮ್ಮನೆ ಕೂತ ಕೈ ಯಾವಾಗಲಾದರೂ ಇತ್ತೇ ಎಂದು ಆಗ ಯೋಚನೆ ಹತ್ತಿತು. ನಮ್ಮಪ್ಪ ಪಂಚಾಯಿತಿಯ ವ್ಯಾಜ್ಯಗಳನ್ನು ಬಾಯಿಂದ ಬಗೆಹರಿಸುತ್ತ ತೊಡೆಯ ಮೇಲೆ ತೆಂಗಿನ ನಾರು ಹೊಸೆಯುತ್ತಿದ್ದರು. ವ್ಯಾಜ್ಯ ಮುಗಿಯುವಷ್ಟರಲ್ಲಿ ಎಮ್ಮೆ ಕಟ್ಟುವಷ್ಟು ಹಗ್ಗ ತಯಾರಾಗಿರುತ್ತಿತ್ತು. ದೊಡ್ಡ ವ್ಯಾಜ್ಯವಾದರೆ ಬಾವಿ ಹಗ್ಗ. ಮೇಲೆ ಅಟ್ಟದಲ್ಲಿ ಕಾಯಿಗಳು ತಮ್ಮ ಪಾಡಿಗೆ ಕೊಬ್ಬರಿಯಾಗುತ್ತಿದ್ದವು. ಉಂಡೆ ಕೊಬ್ಬರಿಗೆ ಅವಸರ ಆಗದು. ಸಿಪ್ಪೆಯ ಸಮೇತ ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೆ ಕೂತು, ಒಳಗಿನ ನೀರೆಲ್ಲ ಆರಿ, ಅಲ್ಲಾಡಿಸಿದರೆ ಗಟಗಟ ಎಂದಾಗಲೇ ಅದು ಕೊಬ್ಬರಿ. ಈ ವಿದ್ಯೆಯಲ್ಲಿ ತಿಪಟೂರಿಗೆ ಹೆಸರು ಜಾಸ್ತಿ. ಅರಸೀಕೆರೆಯವರು ಅದನ್ನು ಒಪ್ಪುತ್ತಾರೆ, ಆದರೆ ಮೆಲುದನಿಯಲ್ಲಿ.

ಅಜ್ಜಿಯ ಪಾಲಿಗೆ ಇದು ಬತ್ತಿಯ ಕಾಲ. ಆಶ್ವಯುಜದ ಹುಣ್ಣಿಮೆ ಕಳೆದ ಮೇಲಿನ ಗುರುವಾರ ಹಾಸನದಲ್ಲಿ ಹಾಸನಾಂಬೆಯ ಬಾಗಿಲು ತೆರೆಯುತ್ತದೆ. ವರ್ಷಕ್ಕೊಮ್ಮೆ ಕೆಲವೇ ದಿನ ದರ್ಶನ. ಬಾಗಿಲು ಮುಚ್ಚುವಾಗ ಹಚ್ಚಿಟ್ಟ ದೀಪ ಮರುವರ್ಷ ತೆರೆದಾಗಲೂ ಉರಿಯುತ್ತಿರುತ್ತದೆ ಎಂಬುದು ಭಕ್ತರ ನಂಬಿಕೆ. ಅಜ್ಜಿ ಅದನ್ನು ಬತ್ತಿಯ ಮಹಿಮೆ ಎಂದೇ ತಿಳಿದಿದ್ದಳು. ಬೀಜ ತೆಗೆದ ಹತ್ತಿಯನ್ನು ಬಿಡಿಸಿ, ಬೆರಳಿಗೆ ಚಿಟಿಕೆ ವಿಭೂತಿ ಮುಟ್ಟಿಸಿ, ಅಂಗೈಯಲ್ಲಿ ಒಮ್ಮೆ ಉಜ್ಜಿದರೆ ಎಳೆಬತ್ತಿ. ಹತ್ತಿಯ ತುದಿಯನ್ನು ಮೇಲೆ ತಿರುಚಿದರೆ ಹೂಬತ್ತಿ. ಕಾರ್ತಿಕಕ್ಕೆ ಲಕ್ಷ ಬತ್ತಿ ಹರಕೆ ಹೊತ್ತವರಿಗೆ ಊರೆಲ್ಲ ಸಹಾಯಕರು. ಜಗಲಿಯ ತುಂಬ ಹೆಂಗಸರು ಹೊಸೆಯುತ್ತ ಕೂತರೆ ಊರಿನ ಯಾವ ಗುಟ್ಟೂ ಗುಟ್ಟಾಗಿ ಉಳಿಯುತ್ತಿರಲಿಲ್ಲ. ದೇವರಿಗೆ ಬತ್ತಿ, ಹೊಸೆದವರಿಗೆ ಸುದ್ದಿ.

ಎರಡು ಕಡ್ಡಿಯ ಹೆಣಿಗೆ ಇವೆಲ್ಲಕ್ಕಿಂತ ಕಿರಿಯದು. ನಮ್ಮ ದೇಶಕ್ಕೆ ಅದು ಯುರೋಪಿನವರ ಜೊತೆ, ಹೆಚ್ಚಾಗಿ ಮಿಶನರಿ ಶಾಲೆಗಳ ಮೂಲಕ ಬಂತು. ಹಾಗಾದರೆ ಅದಕ್ಕೂ ಮೊದಲು ನಮಗೆ ಚಳಿ ಆಗುತ್ತಿರಲಿಲ್ಲವೇ? ಆಗುತ್ತಿತ್ತು. ಕಂಬಳಿ ಇತ್ತು. ಕುರುಬರು ಕುರಿಯ ತುಪ್ಪಟ ಕತ್ತರಿಸಿ, ಮನೆಯ ಹೆಂಗಸರು ಅದನ್ನು ನೂತು, ಹುಣಸೆಬೀಜದ ಗಂಜಿ ಹಚ್ಚಿ, ಗುಣಿ ಮಗ್ಗದಲ್ಲಿ ನೇಯ್ದ ಕರಿ ಕಂಬಳಿ. ಚಳ್ಳಕೆರೆಯ ಕಂಬಳಿಗೆ ನಾಡಿನಲ್ಲೆಲ್ಲ ಹೆಸರು. ಹೊಸದರಲ್ಲಿ ಅದು ಮೈಗೆ ಚುಚ್ಚುತ್ತದೆ, ಆದರೆ ಉಪಕಾರಕ್ಕೆ ಎಣೆಯಿಲ್ಲ. ಮಳೆ ಬಂದರೆ ಕೊಪ್ಪೆ, ರಾತ್ರಿ ಹೊದಿಕೆ, ಹಬ್ಬಕ್ಕೆ ದೇವರ ಗದ್ದಿಗೆ, ನೆಂಟರು ಬಂದರೆ ಹಾಸು, ಕಾಳು ಬಡಿಯುವಾಗ ಕಣದಲ್ಲೂ ಹಾಜರು. ಸ್ವೆಟರಿನ ಕೈಲಿ ಇಷ್ಟೆಲ್ಲ ಆಗುವುದಿಲ್ಲ. ಪಾಪ, ಅದಕ್ಕೆ ತೋಳುಗಳಿವೆ. ತೋಳಿರುವ ವಸ್ತು ಒಂದೇ ಕೆಲಸಕ್ಕೆ.

ಆದರೆ ಸ್ವೆಟರಿಗೆ ಒಂದು ದೊಡ್ಡ ಗುಣ ಉಂಟು, ಕಂಬಳಿಗೆ ಇಲ್ಲದ್ದು. ಅದನ್ನು ಬಿಚ್ಚಬಹುದು. ಮಗ ಹೈಸ್ಕೂಲಿಗೆ ಹಾಕಿಕೊಂಡು ಹೋಗುತ್ತಿದ್ದ ನೀಲಿ ಸ್ವೆಟರು ಮೊಣಕೈಯಲ್ಲಿ ತೂತು ಬಿದ್ದಾಗ ಇವಳು ಕಂಕುಳ ಹೊಲಿಗೆಯನ್ನು ಬ್ಲೇಡಿನಿಂದ ಬಿಡಿಸಿ, ಕುತ್ತಿಗೆಯ ಕೊನೆಯ ಕುಣಿಕೆ ಹುಡುಕಿ, ಒಂದು ಎಳೆ ಎಳೆದಳು. ಸರ್‍ರನೆ ಸಾಲಿಗೆ ಸಾಲೇ ಕಳಚಿಕೊಂಡು ಬಂತು. ಮಗ ಬಾಯಿ ಬಿಟ್ಟು ನೋಡಿದ. ಬಿಚ್ಚಿದ ನೂಲು ಗುಂಗುರು ಗುಂಗುರಾಗಿ ಇರುತ್ತದೆ, ಹೆಣೆದ ನೆನಪು ಅದಕ್ಕೆ ಬೇಗ ಹೋಗುವುದಿಲ್ಲ. ಅದನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ಕುದಿಯುವ ಪಾತ್ರೆಯ ಹಬೆಗೆ ಹಿಡಿದು, ಒದ್ದೆಯಾದ ಮೇಲೆ ಕೆಳಗೊಂದು ಚೊಂಬು ತೂಗುಬಿಟ್ಟು ಒಣಗಿಸಿದರೆ ಮತ್ತೆ ನೆಟ್ಟಗಾಗುತ್ತದೆ. ಆ ನೂಲು ಮುಂದೆ ನನ್ನ ಕೋಟಿನೊಳಗಿನ ಬನಿಯನ್ನಾಯಿತು, ಆಮೇಲೆ ಅತ್ತಿಗೆಯ ಶಾಲಿನ ಅಂಚಾಯಿತು, ಈಗ ಮೊಮ್ಮಗನ ಟೋಪಿಯ ಕುಚ್ಚು. ಒಂದು ಕುಣಿಕೆ ಜಾರಿದರೂ ಇವಳು ಮುಖ ಸಿಂಡರಿಸುವುದಿಲ್ಲ, ಅರ್ಧ ಸಾಲು ಬಿಚ್ಚಿ ಮತ್ತೆ ಹೆಣೆಯುತ್ತಾಳೆ. ಕೆಟ್ಟರೆ ಕೆಡಲಿ ಎಂಬ ಈ ನಿಶ್ಚಿಂತೆಯೇ ಅವಳ ಸುಖ ಎಂದು ನನಗೆ ಅನ್ನಿಸಿದೆ. ನಾನು ಸಂಬಳಕ್ಕೆ ಮಾಡಿದ ಕೆಲಸದಲ್ಲಿ ಇದು ಒಂದು ದಿನವೂ ಸಿಗಲಿಲ್ಲ. ಮಕ್ಕಳ ಮಾರ್ಕ್ಸ್‌ ಕಾರ್ಡಿನ ಮೇಲೆ ಶಾಯಿ ಬಿದ್ದರೆ ಬಿದ್ದಂತೆಯೇ.

ಈ ಋತುವಿನಲ್ಲಿ ಬೆಂಗಳೂರಿನ ನೆಂಟರೂ ಬರುತ್ತಾರೆ. ಬಂದವರನ್ನು ಬಾಣಾವರ, ಜಾವಗಲ್ಲಿನ ಮೇಲೆ ಹಾಯಿಸಿ ಹಳೇಬೀಡು, ಬೇಲೂರು ತೋರಿಸುವುದು ಅರಸೀಕೆರೆಯವರ ಹಣೆಬರಹ. ನಮ್ಮೂರಲ್ಲೇ 1220ರ ಈಶ್ವರ ದೇವಸ್ಥಾನ ಇದೆ, ನಕ್ಷತ್ರದ ಆಕಾರದ ಮಂಟಪ ಇದೆ ಎಂದರೆ ‘ಹೌದಾ!’ ಎಂದು ಆಶ್ಚರ್ಯಪಟ್ಟು ಕಾರು ಹತ್ತುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋ ಪಟ್ಟಿ ಸೇರಿದ ಮೇಲಂತೂ ನಮ್ಮ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ಬೇಲೂರಿನ ಅಂಗಳದ ಕಲ್ಲುಹಾಸು ಬೆಳಗ್ಗೆ ಕೊರೆಯುತ್ತದೆ, ಮಧ್ಯಾಹ್ನ ಸುಡುತ್ತದೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕುಣಿಯುತ್ತ ನಡೆಯುವವರನ್ನು ನೋಡಿ ಇವಳು ನೆಂಟರಿಗೆಂದೇ ಉಲ್ಲನ್ ಕಾಲುಚೀಲ ಹೆಣೆದಿಟ್ಟಿದ್ದಾಳೆ. ಆ ಕೆಂಪು ಕಾಲುಚೀಲ ತೊಟ್ಟ ಒಂದು ತಂಡ ಕತ್ತೆತ್ತಿ ಮದನಿಕೆಯರನ್ನು ನೋಡುತ್ತ ನಿಂತಿದ್ದರೆ ಗೈಡುಗಳೂ ಒಂದು ಗಳಿಗೆ ಮಾತು ನಿಲ್ಲಿಸುತ್ತಾರೆ. ಮತ್ತೆ ಶುರುವಾಗುತ್ತದೆ: ದರ್ಪಣ ಸುಂದರಿ, ಬೇಟೆಗಾತಿ, ಸೀರೆ ಸೆಳೆಯುವ ಕಪಿ, ಹಲಸಿನ ಹಣ್ಣಿನ ಮೇಲಿನ ನೊಣ, ಅದಕ್ಕೆ ಹೊಂಚು ಹಾಕಿದ ಹಲ್ಲಿ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನನ್ನು ನೋಡಲು ಬಂದು ಆ ಹಲ್ಲಿಯನ್ನು ನೋಡಿ ತೃಪ್ತರಾಗಿ ಹೋಗುವವರನ್ನು ನಾನು ಬಲ್ಲೆ. ಅವರಲ್ಲಿ ನಾನೂ ಒಬ್ಬ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದಂತೆ ಗಟ್ಟಿ. ಅದಕ್ಕೇ ಬಳೆಯ ಸಂದು, ಸರದ ಮಣಿ ಎಲ್ಲ ಸಾಧ್ಯವಾಯಿತು. ಆದರೆ ಆ ನೊಣದ ರೆಕ್ಕೆ ಕೊನೆಯ ಏಟಿಗೆ ಮುರಿದಿದ್ದರೆ? ನಾಲ್ಕು ಸಾಲು ಬಿಚ್ಚಿ ಮತ್ತೆ ಕೆತ್ತುವಂತಿಲ್ಲ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಮೂರ್ತಿಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಕೆಲವರಿಗೆ ಅದು ಅಹಂಕಾರ ಎನ್ನಿಸುತ್ತದೆ. ಅಷ್ಟು ದಿನ ಉಸಿರು ಬಿಗಿಹಿಡಿದು ಉಳಿ ಆಡಿಸಿದವನು ಕೊನೆಗೆ ಉಸಿರು ಬಿಟ್ಟ ಶಬ್ದ ಅದು ಎಂದು ನನ್ನ ಊಹೆ.

ಹಳೇಬೀಡಿನಲ್ಲಿ ಇವಳನ್ನು ಹಿಡಿಯುವುದು ಕಷ್ಟ. ಉಳಿದವರು ದೊಡ್ಡ ನಂದಿಯ ಮುಂದೆ ಫೋಟೋ ತೆಗೆಸಿಕೊಳ್ಳುವಾಗ ಇವಳು ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿರುತ್ತಾಳೆ. ಕೆಳಗಿನಿಂದ ಆನೆಯ ಸಾಲು, ಅದರ ಮೇಲೆ ಸಿಂಹ, ಅದರ ಮೇಲೆ ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣದ ಕತೆಗಳು, ಮಕರ, ಹಂಸ. ‘ನೋಡಿ, ಸ್ವೆಟರಿನ ಬಾರ್ಡರು ಹಾಕಿದ ಹಾಗೇ ಇದೆ, ಕೆಳಗಿನಿಂದ ಶುರು ಮಾಡಿದಾರೆ’ ಎನ್ನುತ್ತಾಳೆ. ಬ್ಯಾಗಿನಿಂದ ಮೊಮ್ಮಗನ ಹಳೆಯ ಚೌಕುಳಿ ಲೆಕ್ಕದ ಪುಸ್ತಕ ಹೊರಬರುತ್ತದೆ. ಒಂದು ಚೌಕ ಒಂದು ಕುಣಿಕೆ. ಬಳ್ಳಿ ಚೆನ್ನಾಗಿಯೇ ಬಂತು. ಆನೆಗೆ ಮಾತ್ರ ಸೊಂಡಿಲಿಗೆ ಚೌಕ ಸಾಲಲಿಲ್ಲ. ಹೆಣೆದು ಮುಗಿಸಿದಾಗ ಎದೆಯ ಸುತ್ತ ಹಂದಿಗಳ ಮೆರವಣಿಗೆ ಹೊರಟಿತ್ತು. ‘ವರಾಹಾವತಾರ ಅನ್ನು’ ಎಂದೆ. ಅವತ್ತು ಕಾಫಿ ತಡವಾಗಿ ಬಂತು. ಮರುದಿನ ಹಂದಿಗಳೆಲ್ಲ ಬಿಚ್ಚಿಹೋಗಿ ಎರಡೆರಡು ಕುಣಿಕೆ ಉದ್ದದ ಸೊಂಡಿಲಿನೊಡನೆ ಆನೆಗಳಾಗಿ ಮರುಜನ್ಮ ಪಡೆದವು.

ಆ ಸ್ವೆಟರು ಮೊಮ್ಮಗನಿಗೆ. ಎದೆ, ಬೆನ್ನು, ಬಲತೋಳು ಮುಗಿಯುವಷ್ಟರಲ್ಲಿ ಉಲ್ಲನ್ನೂ ಮುಗಿಯಿತು. ಹಾಸನದ ಅಂಗಡಿಗೆ ಹೋದರೆ ಅದೇ ಕಂಪನಿ, ಅದೇ ಶೇಡಿನ ನಂಬರು. ಆದರೆ ಲಾಟ್ ಬೇರೆ. ಒಂದೇ ಬಣ್ಣ ಎಂದು ಅಂಗಡಿಯವರು ಆಣೆ ಮಾಡಿದರು. ಟ್ಯೂಬ್‌ಲೈಟಿನ ಕೆಳಗೆ ನಿಜವಾಗಿಯೂ ಒಂದೇ ಬಣ್ಣ. ಮನೆಗೆ ಬಂದು ಹೆಣೆದು ಬಿಸಿಲಿಗೆ ಹಿಡಿದರೆ ಮೈಯೆಲ್ಲ ಇಟ್ಟಿಗೆ ಕೆಂಪು, ಎಡತೋಳು ಮಾತ್ರ ದಾಸವಾಳ. ಹೆಣೆಯುವವರ ಮನೆಗಳಲ್ಲಿ ಇದು ಹೊಸದಲ್ಲ. ಒಂದೊಂದು ಸಲ ಬಣ್ಣ ಅದ್ದಿದಾಗಲೂ ನೂಲು ಒಂದೊಂದು ಛಾಯೆ ಹಿಡಿಯುತ್ತದೆ, ಮೊದಲೇ ಲೆಕ್ಕ ಹಾಕಿ ಒಟ್ಟಿಗೆ ಕೊಳ್ಳುವುದೊಂದೇ ಉಪಾಯ. ನಮ್ಮ ಮನೆಯಲ್ಲಿ ಲೆಕ್ಕ ಯಾವಾಗಲೂ ಒಂದು ತೋಳಿನಷ್ಟು ಕಡಿಮೆ. ನನ್ನದರಲ್ಲೂ ಹಾಗೆ, ಮಗನದರಲ್ಲೂ ಹಾಗೆ. ಹೆಸರು ಕೆತ್ತದಿದ್ದರೂ ಇದು ಯಾರ ಕೈಯ ಕೆಲಸ ಎಂದು ಬಂಧುಬಳಗಕ್ಕೆಲ್ಲ ಗೊತ್ತು.

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಮೊಮ್ಮಗ ಅದನ್ನು ತೊಟ್ಟು ಆಟಕ್ಕೆ ಇಳಿದನಂತೆ. ಮಕ್ಕಳು ನಗುತ್ತಾರೇನೋ ಎಂದು ಇವಳಿಗೆ ಒಳಗೊಳಗೇ ಅಳುಕು. ಮೊನ್ನೆ ಸೊಸೆ ಫೋನು ಮಾಡಿದಳು: ‘ಅತ್ತೆ, ಪಕ್ಕದ ಮನೆಯವರು ತಮ್ಮ ಮಗುವಿಗೂ ಒಂದು ಬೇಕು ಅಂತಿದಾರೆ. ಅಳತೆ ಕಳಿಸ್ತೀನಿ. ಆದರೆ ಎಡತೋಳು ಬೇರೆ ಬಣ್ಣದ್ದೇ ಇರಬೇಕಂತೆ, ಅದೇ ಸ್ಟೈಲು ಅಂತೆ.’ ಇವಳು ಈ ಸಲ ಎಂದೂ ಇಲ್ಲದ ಜಾಣತನದಿಂದ ಇಡೀ ಸ್ವೆಟರಿಗಾಗುವಷ್ಟು ಉಲ್ಲನ್ನನ್ನು ಒಂದೇ ಲಾಟಿನಲ್ಲಿ ತಂದಿಟ್ಟಿದ್ದಳು. ಈಗ ಹೊಂದದ ಬಣ್ಣ ಹುಡುಕಿಕೊಂಡು ಮತ್ತೆ ಹಾಸನಕ್ಕೆ ಹೋಗಬೇಕಾಗಿದೆ. ಅಂಗಡಿಯವರು ಯಾವುದನ್ನು ತೋರಿಸಿದರೂ ಎಲ್ಲ ಒಂದೇ ಬಣ್ಣ ಎನ್ನುತ್ತಾರೆಂಬುದೇ ಅವಳ ಚಿಂತೆ.