ತಡವಾದದ್ದಕ್ಕೆ ಕಾರಣ ತೋರಿಸಿ

ಕೆಲಸ ಹೋದವನಿಗೆ ಬೇರೇನಿಲ್ಲದಿದ್ದರೂ ಪುರುಸೊತ್ತು ಧಾರಾಳ ಎಂಬುದು ನಮ್ಮ ಕಚೇರಿಗಳ ಗಟ್ಟಿ ನಂಬಿಕೆ. ಹಾಗಿದ್ದೂ ಅವನ ಪರಿಹಾರದ ಅರ್ಜಿ ತಡವಾಯಿತೆಂದರೆ ಅದು ಶುದ್ಧ ಸೋಮಾರಿತನ.

ಇಎಸ್‌ಐನವರ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ 2018ರಲ್ಲಿ ಶುರುವಾದಾಗ ಕೆಲಸ ಹೋದವರಿಗೆ ಕೊಡುತ್ತಿದ್ದದ್ದು ಸರಾಸರಿ ದಿನಗೂಲಿಯ ಶೇ. 25. ಹೆಚ್ಚೆಂದರೆ 90 ದಿನ, ಅದೂ ಜೀವಮಾನಕ್ಕೊಮ್ಮೆ. (ಎರಡನೇ ಸಲ ಕೆಲಸ ಕಳೆದುಕೊಳ್ಳುವುದು ದುಶ್ಚಟ.) ಕೆಲಸ ಹೋಯಿತೆಂದು ಮರುದಿನವೇ ಓಡಿಬರುವಂತಿರಲಿಲ್ಲ, ಮೂರು ತಿಂಗಳು ಉಪವಾಸ ಅಭ್ಯಾಸವಾಗಬೇಕಿತ್ತು. ವರ್ಷ ಕಳೆದು ಬಂದರೂ ನಡೆಯುತ್ತಿರಲಿಲ್ಲ. ಈ ನಡುವಿನ ಶುಭಮುಹೂರ್ತದಲ್ಲಿ ಅಫಿಡವಿಟ್ ಮಾಡಿಸಿ, ಕೆಲಸದಿಂದ ತೆಗೆದ ಮಾಲೀಕನ ಮುಖಾಂತರವೇ ಅರ್ಜಿ ಮುಂದೆ ಹೋಗಬೇಕಿತ್ತು. ಪೀಣ್ಯದ ಶೆಡ್ಡಿಗೆ ಬೀಗ ಬಿದ್ದಿದೆ, ಸೂಪರ್‌ವೈಸರ್ ಫೋನ್ ಎತ್ತುತ್ತಿಲ್ಲ ಅಂತೀರಾ? ಸರಿ, ಮಾಲೀಕ ಸಿಗುತ್ತಿಲ್ಲ ಎಂದು ಮಾಲೀಕನಿಂದಲೇ ಒಂದು ಪತ್ರ ಬರೆಸಿಕೊಂಡು ಬನ್ನಿ.

ಇಎಸ್‌ಐಗೆಂದು ಸಂಬಳದಿಂದ ಮುರಿದುಕೊಳ್ಳುವ ಶೇ. 0.75 ಮಾತ್ರ ಯಾವ ಮುಹೂರ್ತಕ್ಕೂ ಕಾಯುವುದಿಲ್ಲ.

ಸರ್ಕಾರ ತಡ ಮಾಡುವುದಿಲ್ಲವೇ? ಛೆ, ಎಲ್ಲಾದರೂ ಉಂಟೇ! 2020ರ ಮಾರ್ಚ್ 24ರ ರಾತ್ರಿ, ಬರೀ ನಾಲ್ಕು ಗಂಟೆಗಳ ನೋಟಿಸ್ ಕೊಟ್ಟು ದೇಶಕ್ಕೆ ಬೀಗ ಹಾಕಿದರು. ಪರಿಹಾರ ಶೇ. 50 ಆಗಲಿ, 30 ದಿನ ಕಾದರೆ ಸಾಕು, ಮಾಲೀಕನ ಗೊಡವೆ ಬೇಡ, ನೇರ ಶಾಖಾ ಕಚೇರಿಗೇ ಬನ್ನಿ ಎಂಬ ಜ್ಞಾನೋದಯ ಆಗಸ್ಟ್‌ನಲ್ಲಾಯಿತು. ಆದರೆ ಮಾರ್ಚ್ 24ರಿಂದಲೇ ಪೂರ್ವಾನ್ವಯ ಮಾಡಿದ್ದರಿಂದ ತಡವಾದಂತಾಗಲಿಲ್ಲ. ಏಪ್ರಿಲ್ ತಿಂಗಳ ಗಂಜಿಯನ್ನು ಪೂರ್ವಾನ್ವಯವಾಗಿ ಕುಡಿಯುವ ವಿದ್ಯೆ ಕಾರ್ಮಿಕರಿಗೆ ಗೊತ್ತಿರಲಿಲ್ಲ, ಅಷ್ಟೆ.

ತಡವನ್ನು ಕೋರ್ಟೂ ಮನ್ನಿಸಿದ್ದುಂಟು. ವಿಳಂಬದ ಒಂದೊಂದು ದಿನಕ್ಕೂ ಲೆಕ್ಕ ಕೇಳುವುದಾದರೆ ಗಂಟೆಗೆ, ಸೆಕೆಂಡಿಗೆ ಯಾಕೆ ಕೇಳಬಾರದು ಎಂದು ಸುಪ್ರೀಂ ಕೋರ್ಟ್ 1987ರಲ್ಲೇ ಗೇಲಿ ಮಾಡಿತ್ತು. ಈ ಉದಾರತೆ ದಕ್ಕಿದ್ದು ಯಾರಿಗೆ? ನಾಲ್ಕು ದಿನ ತಡವಾಗಿ ಮೇಲ್ಮನವಿ ಹಾಕಿದ್ದ ಭೂಸ್ವಾಧೀನದ ಕಲೆಕ್ಟರ್ ಸಾಹೇಬರಿಗೆ. ಅದೇ ಧೈರ್ಯದಲ್ಲಿ ಅಂಚೆ ಇಲಾಖೆ 427 ದಿನ ತಡವಾಗಿ ಬಂದು, ಕಡತ ಮೇಜಿಂದ ಮೇಜಿಗೆ ಹೋಗಬೇಕಿತ್ತು ಎಂದಿತು. 2012ರಲ್ಲಿ ಕೋರ್ಟ್ ಅದನ್ನು ಒಪ್ಪಲಿಲ್ಲ. ಕಾಗದವನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸಲೆಂದೇ ಇರುವ ಇಲಾಖೆ, ಪಾಪ.

ಕೋರ್ಟ್ ಒಪ್ಪದಿದ್ದರೇನು, ಕಚೇರಿಗಳಿಗೆ ಇಷ್ಟು ಚೆನ್ನಾಗಿ ಅರ್ಥವಾಗುವ ಕಾರಣ ಇನ್ನೊಂದಿಲ್ಲ. ಆದ್ದರಿಂದ ಅರ್ಜಿ ತಡವಾದವರು ಮಗುವಿನ ಜ್ವರ, ಮನೆ ಬಾಡಿಗೆ, ಸರ್ವರ್ ಡೌನ್ ಎಂದೆಲ್ಲ ಬರೆಯಬೇಡಿ. ‘ಸದರಿ ಕಡತವು ಪತ್ನಿಯವರ ಪರಿಶೀಲನೆಯಲ್ಲಿದ್ದು, ಅಭಿಪ್ರಾಯ ಕೋರಿ ಮಾವನವರಿಗೆ ರವಾನೆಯಾಗಿ, ಸ್ಪಷ್ಟೀಕರಣಕ್ಕಾಗಿ ವಾಪಸ್ ಬಂದಿರುತ್ತದೆ’ ಎಂದು ಬರೆದು ರುಜು ಹಾಕಿ.