ರಸೀದಿ ಬೇಕಾ, ಬೇಡ್ವಾ?

ಡಿಸೆಂಬರ್ ಬಂತೆಂದರೆ ನಮ್ಮ ಬೆಟ್ಟದೂರು ಅತ್ತಿಗುಂಡಿಗೆ ಎರಡು ಫಸಲು. ಒಂದು, ಗಿಡದಲ್ಲಿ ಹಣ್ಣಾಗುವ ಅರೇಬಿಕಾ. ಇನ್ನೊಂದು, ವಿಮಾನ ಇಳಿದು ಬರುವ ಮಕ್ಕಳು, ಅಳಿಯಂದಿರು, ಭಾವಮೈದುನರು. ಮೊದಲನೆಯದನ್ನು ಕೊಯ್ಯಲು ಆಳು ಸಿಗುವುದಿಲ್ಲ. ಎರಡನೆಯವರು ನಮ್ಮನ್ನು ಕೊಯ್ಯುವುದಕ್ಕೆ ಆಳೇ ಬೇಕಿಲ್ಲ. ಒಂದು ಬೆಂಚು, ಒಂದು ಲೋಟ ಬಿಸಿ ಕಾಫಿ, ಎದುರಿಗೆ ನಮ್ಮಂಥ ನಾಲ್ಕು ಜನ ನಿರುದ್ಯೋಗಿಗಳಿದ್ದರೆ ಸಾಕು.

ಮಾತು ಹವೆಯಿಂದ ಶುರುವಾಗಿ, ರಸ್ತೆಗೆ ಬಂದು, ಕೊನೆಗೆ ಪೊಲೀಸರ ಹತ್ತಿರ ನಿಲ್ಲುತ್ತದೆ. “ಅಲ್ಲೆಲ್ಲ ಪೊಲೀಸ್ರು ಒಂದು ಪೈಸೆ ಮುಟ್ಟಲ್ಲ ಮಾರಾಯ್ರೆ. ಸಿಸ್ಟಂ ಅಂದ್ರೆ ಅದು.” ಹೀಗೆ ಹೇಳಿದ ಸಿಂಗಪುರದ ಅಳಿಯ, ಅದೇ ಉಸಿರಿನಲ್ಲಿ, ಬೆಂಗಳೂರಿನಿಂದ ಬರುವಾಗ ದಾರಿಯಲ್ಲಿ ಸೀಟ್‌ಬೆಲ್ಟ್ ಹಾಕದೆ ಸಿಕ್ಕಿಬಿದ್ದು ಇನ್ನೂರು ರೂಪಾಯಿ ಕೈಗಿಟ್ಟು ಬಂದ ಕತೆಯನ್ನೂ ಹೇಳಿದ. “ರಸೀದಿ ಬೇಕಾ, ಬೇಡ್ವಾ ಅಂದ್ರು. ಬೇಡ ಅಂದೆ. ಟೈಮ್ ಎಲ್ಲಿತ್ತು?” ಟೈಮ್ ಇಲ್ಲದ ಆ ಮನುಷ್ಯ ನಮ್ಮ ಬೆಂಚಿನ ಮೇಲೆ ಆಗಲೇ ಒಂದೂವರೆ ತಾಸಿನಿಂದ ಕೂತಿದ್ದ.

ಸಿಂಗಪುರದಲ್ಲಿ ಅದೇ ಇನ್ನೂರನ್ನು ಚಾಚಿದ್ದರೆ? ಅಲ್ಲಿನ ಕಾನೂನಿನಲ್ಲಿ ಒಂದು ಲಕ್ಷ ಡಾಲರ್‌ವರೆಗೆ ದಂಡ, ಐದು ವರ್ಷದವರೆಗೆ ಜೈಲು, ಎರಡೂ ಒಟ್ಟಿಗೆ ಬಂದರೂ ಬಂತು. ಅಲ್ಲಿನವರೇನು ಹುಟ್ಟಾ ಹರಿಶ್ಚಂದ್ರರಲ್ಲ. 1951ರಲ್ಲಿ ಅಲ್ಲಿ ಅಫೀಮಿನ ದೊಡ್ಡ ಸರಕೊಂದು ದರೋಡೆಯಾಗಿ, ದರೋಡೆಕೋರರಲ್ಲಿ ಪೊಲೀಸರೇ ಸಿಕ್ಕಿಬಿದ್ದರು. ಲಂಚದ ತನಿಖೆಯನ್ನು ಪೊಲೀಸರ ಕೈಗೇ ಕೊಟ್ಟರೆ ಆಗದು ಎಂದು ಮರುವರ್ಷ ಪ್ರತ್ಯೇಕ ಬ್ಯೂರೋ ಕಟ್ಟಿದರು. ನಮ್ಮ ಅಳಿಯನ ಪ್ರಾಮಾಣಿಕತೆಯ ಜನ್ಮದಿನ ಅದು ಅಂತ ಇಟ್ಟುಕೊಳ್ಳಿ. ಚಾಂಗಿ ವಿಮಾನ ನಿಲ್ದಾಣ ದಾಟಿದ ಮೇಲೆ ಆ ಪ್ರಾಮಾಣಿಕತೆಗೆ ವೀಸಾ ಇಲ್ಲ.

ಗಲ್ಫಿನವರದು ಇನ್ನೊಂದು ಬಗೆ. ಅಲ್ಲಿ ಚೌಕಾಸಿ ಮಾಡೋಣವೆಂದರೆ ಎದುರಿಗೆ ಪೊಲೀಸಪ್ಪನೇ ಇರುವುದಿಲ್ಲ, ಕಂಬದ ಮೇಲೊಂದು ಕ್ಯಾಮೆರಾ ಇರುತ್ತದೆ. ಕ್ಯಾಮೆರಾಗೆ ಮಗಳ ಮದುವೆಯಿಲ್ಲ, ಹಬ್ಬದ ಖರ್ಚಿಲ್ಲ. ಫೋನಿಗೆ ಚೀಟಿ ಬರುತ್ತದೆ, ಇವರು ಮುಚ್ಚಿಕೊಂಡು ಕಟ್ಟುತ್ತಾರೆ. ಅಬುಧಾಬಿಯಲ್ಲಿ 60 ದಿನದೊಳಗೆ ಕಟ್ಟಿದರೆ ನೂರಕ್ಕೆ 35 ರಿಯಾಯಿತಿಯೂ ಉಂಟಂತೆ. ಅದನ್ನು ಹೇಳುವಾಗ ಮುಖದಲ್ಲಿ ಎಂಥ ಹೆಮ್ಮೆ! ನಮ್ಮ ಸರ್ಕಾರ 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಾಗ ಬೆಂಗಳೂರಿನ ಜನ ಸೀರೆ ಸೇಲಿಗೆ ನುಗ್ಗುವಂತೆ ನುಗ್ಗಿ ನೂರು ಕೋಟಿಗೂ ಮೀರಿ ಕಟ್ಟಿದರಲ್ಲ, ಅದಕ್ಕೆ ಮಾತ್ರ “ಛೆ, ದಂಡಕ್ಕೂ ಡಿಸ್ಕೌಂಟಾ, ಇದೆಂಥ ದೇಶ” ಅಂದವರು ಇವರೇ.

ಆದರೆ ಕಲಾವಿದ ಅಂದರೆ ನೈರೋಬಿಯವರು. ಎಷ್ಟೋ ವರ್ಷದಿಂದ ಅಲ್ಲಿ ಕಾರು ಓಡಿಸಿ ಪಳಗಿದ ಮನುಷ್ಯ. ಅವರ ಪ್ರಕಾರ ರಸ್ತೆಯಲ್ಲಿ ಕೈ ಅಡ್ಡ ಹಾಕಿದ ಪೊಲೀಸಿನ ಮುಂದೆ ಇರಬೇಕಾದ ಬಂಡವಾಳ ದುಡ್ಡಲ್ಲ, ಪುರುಸೊತ್ತು. ಕಿಟಕಿ ಇಳಿಸು, ಅವನ ಮನೆಮಂದಿಯ ಯೋಗಕ್ಷೇಮ ವಿಚಾರಿಸು. ಮೂಲ ಪಾಸ್‌ಪೋರ್ಟ್ ಕೈಗೆ ಕೊಡಬೇಡ, ನಕಲು ತೋರಿಸು. ತಪ್ಪೇನು ಅಂತ ಕೇಳು, ಕಾಗದದ ಮೇಲೆ ಬರೆದುಕೊಡಿ ಅನ್ನು. ದಂಡ ಉಂಟು ಅಂದರೆ “ಆಗಲಿ, ರಸೀದಿ ಕೊಡಿ” ಅನ್ನು. ಇಲ್ಲ ಅಂದರೆ “ಹಾಗಾದರೆ ಠಾಣೆಗೇ ಹೋಗೋಣ, ನನಗೇನೂ ಅವಸರ ಇಲ್ಲ” ಅಂತ ಸೀಟು ಹಿಂದಕ್ಕೆ ಬಾಗಿಸಿ ಒರಗಿಕೋ. ಅವನಿಗೆ ಇನ್ನೂ ಹತ್ತು ಗಾಡಿ ಹಿಡಿಯುವುದಿರುತ್ತದೆ. ಬೇಸತ್ತು ಬಿಟ್ಟುಬಿಡುತ್ತಾನೆ.

ನಮಗೆಲ್ಲ ರೋಮಾಂಚನ. “ಹೌದಾ! ಮತ್ತೆ ಊರಿಗೆ ಬಂದಾಗ?”

“ಇಲ್ಲಿಯಾ? ಇಲ್ಲಿ ಯಾರು ಅಷ್ಟೊತ್ತು ಕೂರ್ತಾರೆ ಮಾರಾಯ. ಏನೋ ಒಂದು ಕೊಟ್ಟು ಬರೋದು. ಇಲ್ಲಿಯವರು ನಮ್ಮೋರೇ ಅಲ್ವಾ?”

ನೋಡಿ, ಇದು. ಪರದೇಶದ ಪೊಲೀಸ್ ಕೇಳಿದರೆ ಭ್ರಷ್ಟಾಚಾರ, ನಮ್ಮೋರು ಕೇಳಿದರೆ ಕಾಫಿ ಖರ್ಚು. ಇವರ ಪಾಸ್‌ಪೋರ್ಟಿನ ವಿಚಾರಣೆಗೆ ಬಂದವರಿಗೂ ಹೀಗೇ. ಮಗ ಎಲ್ಲೋ ದೂರದ ರಾಯಭಾರ ಕಚೇರಿಯಲ್ಲಿ ಹೊಸ ಪುಸ್ತಕಕ್ಕೆ ಅರ್ಜಿ ಹಾಕಿರುತ್ತಾನೆ. ತಪಾಸಣೆ ಇಲ್ಲಿ, ಅಪ್ಪನ ಜಗಲಿಗೆ ಬರುತ್ತದೆ. ಬಂದವರು ಎಷ್ಟೋ ಸಲ ಏನನ್ನೂ ಕೇಳಿರುವುದಿಲ್ಲ. ಮಳೆಯಲ್ಲಿ ಗುಡ್ಡ ಹತ್ತಿ ಬಂದಿದ್ದಾರೆ ಅಂತ ಕಾಫಿ, ಕಾಫಿ ಆದ ಮೇಲೆ ಲಕೋಟೆ, ಲಕೋಟೆಯ ಜತೆಗೆ ಕಾಲು ಕೆಜಿ ಕಾಳುಮೆಣಸು. ಬೇಡ ಬೇಡ ಅಂದರೂ ಜೇಬಿಗೆ ತುರುಕಿ ಕಳಿಸುವುದನ್ನು ನಾನೇ ಕಂಡಿದ್ದೇನೆ. ಯಾವ ಠಾಣೆ ಅಂತ ಕೇಳಬೇಡಿ, ಹೇಳುವುದಿಲ್ಲ. ಆಮೇಲೆ ಅದೇ ಅಪ್ಪ ಬೆಂಚಿಗೆ ಬಂದು “ಲಂಚ ಕೊಡದೆ ಒಂದು ಕೆಲಸ ಆಗಲ್ಲ” ಅಂತ ನಿಟ್ಟುಸಿರು ಬಿಡುತ್ತಾರೆ. ಆಗುತ್ತಿತ್ತೋ ಇಲ್ಲವೋ, ನೋಡಲು ಇವರು ಬಿಟ್ಟಿದ್ದರೆ ತಾನೆ.

ಇತ್ತ ಕೈಮರದ ಚೆಕ್‌ಪೋಸ್ಟಿನಲ್ಲಿ ಬೆಟ್ಟ ಹತ್ತುವ ಗಾಡಿಗೆ ಶುಲ್ಕ ಹಾಕಿ ಚೊಕ್ಕವಾಗಿ ರಸೀದಿ ಕೊಟ್ಟರೆ ಎಲ್ಲರಿಗೂ ಹೊಟ್ಟೆ ಉರಿ. 2025ರಿಂದ ಮುಳ್ಳಯ್ಯನಗಿರಿಗೆ ಹೋಗುವ ಪ್ರವಾಸಿಗರು ಮೊದಲೇ ಆನ್‌ಲೈನಿನಲ್ಲಿ ಬುಕ್ ಮಾಡಬೇಕು ಅಂದಾಗಲಂತೂ ಗೊಣಗೇ ಗೊಣಗು. ರಸೀದಿ ಇಲ್ಲದ ಇನ್ನೂರು ಸಲೀಸು, ರಸೀದಿ ಇರುವ ಐವತ್ತು ಭಾರ.

ವಲಸೆ ಹೋದವರೆಲ್ಲ ಯಾವಾಗಲೂ ಲಂಚ ಕೊಡುವ ಕಡೆಯೇ ಇರುತ್ತಾರೆ ಅಂತಲೂ ತಿಳಿಯಬೇಡಿ. ಹಾಂಕಾಂಗಿನಲ್ಲಿ ಪೀಟರ್ ಗಾಡ್ಬರ್ ಅಂತ ಒಬ್ಬ ದೊಡ್ಡ ಪೊಲೀಸ್ ಅಧಿಕಾರಿ ಇದ್ದ. ಬ್ರಿಟನ್ನಿನಿಂದ ಹೋಗಿ ಅಲ್ಲಿ ಠಿಕಾಣಿ ಹೂಡಿದವನು. ಸಂಬಳಕ್ಕೆ ತಾಳೆಯಾಗದ 40 ಲಕ್ಷಕ್ಕೂ ಮಿಕ್ಕ ಹಾಂಕಾಂಗ್ ಡಾಲರ್ ಪತ್ತೆಯಾದಾಗ, 1973ರ ಜೂನಿನಲ್ಲಿ, ವಿಮಾನ ನಿಲ್ದಾಣದ ತನ್ನ ಪೊಲೀಸ್ ಪಾಸನ್ನೇ ತೋರಿಸಿ ಹಾರಿಹೋದ. ಜನ ಬೀದಿಗಿಳಿದರು. 1974ರಲ್ಲಿ ಅಲ್ಲೂ ಸ್ವತಂತ್ರ ತನಿಖಾ ಆಯೋಗ ಬಂತು, ಗಾಡ್ಬರನನ್ನು ಇಂಗ್ಲೆಂಡಿನಿಂದ ವಾಪಸು ಎಳೆತಂದು ನಾಲ್ಕು ವರ್ಷದ ಜೈಲು ಶಿಕ್ಷೆ ವಿಧಿಸಿದರು. ಇದನ್ನು ಹೇಳಿದಾಗ ಬೆಂಚಿನ ಹಿರಿಯರೊಬ್ಬರಿಗೆ ಆದ ಸಮಾಧಾನ ನೋಡಬೇಕಿತ್ತು. ದೊರೆಗಳೂ ತಿನ್ನುತ್ತಿದ್ದರು ಅಂತ ತಿಳಿದು ಇನ್ನೊಂದು ಕಾಫಿ ಹೇಳಿದರು.

ಕಾಫಿ ಅಂದಾಗ ನೆನಪಾಯಿತು. ನಮ್ಮ ಗಿರಿಯ ಬಾಬಾ ಬುಡನ್ ಅವರು ಯೆಮೆನ್ನಿನ ಮೋಕಾ ಬಂದರಿನಿಂದ ಏಳು ಬೀಜ ಮರೆಮಾಡಿ ತಂದರು ಅಂತ ತಾನೆ ಐತಿಹ್ಯ? ಹಸಿ ಬೀಜ ಹೊರಗೆ ಹೋಗದಂತೆ ಅಲ್ಲಿ ಕಾವಲಿತ್ತಂತೆ. ಪುಣ್ಯಕ್ಕೆ ಅವರು ಲಂಚದ ದಾರಿ ಹಿಡಿಯಲಿಲ್ಲ. ಹಿಡಿದಿದ್ದರೆ ಕಾವಲುಗಾರನಿಗೆ ಎರಡು, ಅವನ ಮೇಲಿನವನಿಗೆ ಎರಡು, ಬಂದರಿನ ಗುಮಾಸ್ತನಿಗೊಂದು, ಕಂಡೂ ಕಾಣದಂತೆ ನಿಂತವನಿಗೊಂದು. ಚಂದ್ರದ್ರೋಣಕ್ಕೆ ಬಂದು ಮುಟ್ಟುವಾಗ ಒಂದೇ ಉಳಿದು, ಅದೂ ಮಳೆಗೆ ಕೊಳೆತು, ಇವತ್ತು ನಾವೆಲ್ಲ ಕಷಾಯ ಕುಡಿಯುತ್ತ ಕೂರಬೇಕಿತ್ತು.

ಭಯವಿದ್ದರೆ ಮಾತ್ರ ಜನ ನೆಟ್ಟಗಿರುತ್ತಾರೆ ಅಂತ ನಾನು ವಾದ ಹೂಡಿದೆ. ಅಮೆರಿಕದಲ್ಲಿ ಅರ್ಥಶಾಸ್ತ್ರ ಓದುವ ಹುಡುಗನೊಬ್ಬ ಅಡ್ಡ ಬಾಯಿ ಹಾಕಿದ. ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ರಾಯಭಾರಿಗಳಿಗೆ ಪಾರ್ಕಿಂಗ್ ದಂಡ ಕಟ್ಟದಿದ್ದರೂ ನಡೆಯುತ್ತಿತ್ತಂತೆ. ಫಿಸ್ಮನ್ ಮತ್ತು ಮಿಗೆಲ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1997ರಿಂದ 2002ರವರೆಗಿನ ಕಟ್ಟದ ಚೀಟಿಗಳನ್ನು ಎಣಿಸಿದರು. ಕುವೈತಿನವರದು ತಲೆಗೆ 200ಕ್ಕೂ ಮೇಲೆ. ನಾರ್ವೆ, ಸ್ವೀಡನ್, ಜಪಾನಿನವರದು ಸೊನ್ನೆ. ಭಯ ಇಬ್ಬರಿಗೂ ಇರಲಿಲ್ಲ, ಆದರೂ ಕೆಲವರು ಜಾಗ ನೋಡಿಯೇ ಕಾರು ನಿಲ್ಲಿಸಿದರು. “ಮನುಷ್ಯ ಊರನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡೇ ಹೋಗ್ತಾನೆ ಅಂಕಲ್” ಅಂದ. ನಾನು ಸೋತೆ ಅನ್ನುವಷ್ಟರಲ್ಲಿ ಅವನೇ ಬಾಲ ಸೇರಿಸಿದ: 2002ರ ಕೊನೆಯಲ್ಲಿ, ದಂಡ ಬಾಕಿ ಇಟ್ಟವರ ನಂಬರ್‌ಪ್ಲೇಟ್ ಕಿತ್ತುಕೊಳ್ಳಲು ಶುರುಮಾಡಿದ ಮೇಲೆ ಎಲ್ಲರ ಚೀಟಿಗಳೂ ಹೆಚ್ಚುಕಮ್ಮಿ ಮಾಯವಾದವು. ಅರ್ಥಶಾಸ್ತ್ರ ಅಂದರೆ ಇದೇ, ಇಬ್ಬರನ್ನೂ ಗೆಲ್ಲಿಸಿ ಕಳಿಸುತ್ತದೆ.

ವಿದೇಶದಲ್ಲಿದ್ದವರಿಗೆ ಇದರ ಬಗ್ಗೆ ಸಂಕಟವೇ ಇಲ್ಲ ಅಂದರೆ ಅನ್ಯಾಯವಾದೀತು. ಸೊನ್ನೆ ರೂಪಾಯಿ ನೋಟು ಹೊಳೆದದ್ದು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಒಬ್ಬ ಭಾರತೀಯ ಭೌತಶಾಸ್ತ್ರ ಪ್ರಾಧ್ಯಾಪಕರಿಗೆ, ಊರಿಗೆ ಬಂದು ಹೋಗುವಾಗ ಲಂಚ ಕೇಳಿಸಿಕೊಂಡು ಸಾಕಾಗಿ. ಚೆನ್ನೈನ ‘ಫಿಫ್ತ್ ಪಿಲ್ಲರ್’ ಸಂಸ್ಥೆ 2007ರಿಂದ ಅದನ್ನು ಮುದ್ರಿಸಿ ಹಂಚಿತು. ವಿದೇಶದಿಂದ ಮರಳಿ ಬೆಂಗಳೂರಿನಲ್ಲಿ ‘ಜನಾಗ್ರಹ’ ಕಟ್ಟಿದ ರಾಮನಾಥನ್ ದಂಪತಿ 2010ರಲ್ಲಿ, ಕೊಟ್ಟ ಲಂಚವನ್ನು ಬರೆದು ದಾಖಲಿಸಿ ಅಂತ ಜನರಿಗೊಂದು ಜಾಗ ಮಾಡಿಕೊಟ್ಟರು. ಬೇರೆ ದೇಶಗಳೂ ಅದನ್ನು ನಕಲು ಮಾಡಿಕೊಂಡವು.

ಬರೆಯುವುದಾದರೆ ಸ್ವಲ್ಪ ಹುಷಾರು, ಅಂದೆ ನಾನು. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಬಂದಿದೆ. ಈಗ ತೆಗೆದುಕೊಂಡವನಷ್ಟೇ ಅಲ್ಲ, ಕೊಟ್ಟವನೂ ಅಪರಾಧಿ, ಏಳು ವರ್ಷದವರೆಗೆ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಟ್ಟು ಪಾರಾಗಬಹುದು. ಈ ಬೆಟ್ಟಕ್ಕೆ ಏಳರ ಋಣ ಬಿಡುವ ಹಾಗೆ ಕಾಣಿಸುವುದಿಲ್ಲ. ರಾಜ್ಯದ ಭ್ರಷ್ಟಾಚಾರ ನಿಗ್ರಹ ದಳ ಎಸಿಬಿಯನ್ನು 2022ರ ಆಗಸ್ಟಿನಲ್ಲಿ ಹೈಕೋರ್ಟ್ ರದ್ದು ಮಾಡಿದ್ದರಿಂದ ದೂರು ಈಗ ಲೋಕಾಯುಕ್ತಕ್ಕೆ. ಅವರು ನೋಟಿಗೆ ಪುಡಿ ಹಚ್ಚಿ ಕಳಿಸುತ್ತಾರೆ, ಮುಟ್ಟಿದವನ ಕೈ ತೊಳೆಸಿದರೆ ನೀರು ಗುಲಾಬಿ.

ಬೆಂಚು ಒಂದು ಗಳಿಗೆ ಗಪ್‌ಚಿಪ್. ನೈರೋಬಿಯವರು ಮೆಲ್ಲಗೆ ಕೇಳಿದರು, “ಹೊರದೇಶದಲ್ಲಿ ಕೊಟ್ಟಿದ್ದಕ್ಕೂ ಉಂಟಾ ಇದು?” ವಿದೇಶಿ ಅಧಿಕಾರಿಗಳಿಗೆ ಕೊಡುವ ಲಂಚದ ಮೇಲೆ 2011ರಲ್ಲಿ ಲೋಕಸಭೆಗೆ ಮಸೂದೆ ಬಂದಿತ್ತು, ಕಾನೂನಾಗಲಿಲ್ಲ ಅಂದೆ. ಅವರ ಎದೆ ಹಗುರಾಯಿತು. ಸಿಂಗಪುರದ ಅಳಿಯ ಮಾತ್ರ ಬೆರಳು ಮಡಚಿ ಏನೋ ಎಣಿಸುತ್ತಿದ್ದ.

“ಏನಪ್ಪಾ ಲೆಕ್ಕ?”

“ಏನಿಲ್ಲ ಮಾವ. ನಾನು ಬಂದಿದ್ದು ಮಂಗಳವಾರವೋ ಬುಧವಾರವೋ ಅಂತ.”