ಮತ್ತೆ ಗೋರೀನಾ, ಮಾಮ?

ಮಕ್ಕಳಿಗೆ ಇತಿಹಾಸ ತೋರಿಸಬೇಕು ಅನ್ನುವುದು ರಜೆ ಹತ್ತಿರ ಬಂದಾಗ ತಂದೆತಾಯಿಗಳಿಗೆ ಏರುವ ಜ್ವರ. ಮಕ್ಕಳಿಗೆ ಮಾತ್ರ ಅದು ಅಂಟುವುದಿಲ್ಲ. ಪುರಾತತ್ತ್ವ ಇಲಾಖೆಯವರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ 15 ವರ್ಷದೊಳಗಿನವರಿಗೆ ಟಿಕೆಟ್ಟೇ ಇಟ್ಟಿಲ್ಲ. ನೋಡುವ ಚಪಲ ಇರುವವರು ದುಡ್ಡು ಕೊಡಲಿ, ಕೈಹಿಡಿದು ಎಳೆತಂದವು ಪುಕ್ಕಟೆ ಹೋಗಲಿ ಅನ್ನುವ ನ್ಯಾಯ.

ನಮ್ಮ ಭಾವನಿಗೆ ಈ ಸಲ ಏರಿದ್ದು ವಿಜಯಪುರದ ಜ್ವರ. ಅಕ್ಕ, ಭಾವ, ಅವರ ಇಬ್ಬರು ಮಕ್ಕಳು, ಸಾಮಾನು ಹೊರಲು ಸೋದರಮಾವನಾದ ನಾನು. ಮೈಸೂರಿನಿಂದ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತಿದೆವು. ಹುಡುಗಿ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿವರೆಗೆ ನಡೆದು, ಯಾವ ಬೋಗಿಯ ಮೇಲೂ ಗುಮ್ಮಟ ಇಲ್ಲದ್ದನ್ನು ಖಾತ್ರಿ ಮಾಡಿಕೊಂಡು, “ಬರೀ ಹೆಸರು” ಎಂದು ತೀರ್ಪು ಕೊಟ್ಟು ಮಲಗಿಬಿಟ್ಟಳು.

ಭಾವ ಓದಿಕೊಂಡು ಬಂದಿದ್ದರು. ಮಕ್ಕಳ ಜೊತೆ ಊರು ನೋಡುವಾಗ ಓದಿಕೊಂಡು ಬಂದವರಷ್ಟು ಅಪಾಯದ ಪ್ರಾಣಿ ಬೇರೆ ಇಲ್ಲ. ಗೋಳಗುಮ್ಮಟದ ಮುಂದೆ ನಿಂತ ಕೂಡಲೇ ಶುರುವಾಯಿತು. “ಹೊರಗಿನ ವ್ಯಾಸ 44 ಮೀಟರು! ಒಳಗೆ ಒಂದೇ ಒಂದು ಕಂಬ ಇಲ್ಲ! ಹೇಗೆ ನಿಂತಿದೆ ಹೇಳು?” ಹುಡುಗ ಸುಮ್ಮನೆ ನಿಂತಿದ್ದ. ಭಾವ ಜೇಬಿನಿಂದ ಎರಡು ಕರ್ಚೀಫು ತೆಗೆದರು. ಒಂದನ್ನು ಕಟ್ಟೆಯ ಮೇಲೆ ಚೌಕವಾಗಿ ಹಾಸಿ, ಇನ್ನೊಂದನ್ನು ಅದರ ಮೇಲೆ ಓರೆಯಾಗಿ ತಿರುಗಿಸಿ ಇಟ್ಟರು. ಎಂಟು ಮೂಲೆಯ ನಕ್ಷತ್ರ ಆಯಿತು. ಕಮಾನುಗಳು ಹೀಗೇ ಒಂದನ್ನೊಂದು ಕತ್ತರಿಸಿಕೊಂಡು ಮೇಲೇಳುತ್ತವೆ, ನಡುವೆ ಉಳಿದ ಜಾಗದ ಮೇಲೆ ಗುಮ್ಮಟ ಕೂರುತ್ತದೆ, ಅದರ ಭಾರ ಹೊರಕ್ಕೆ ತಳ್ಳದ ಹಾಗೆ ಈ ಕಮಾನುಗಳೇ ಹಿಡಿದುಕೊಳ್ಳುತ್ತವೆ ಅಂತ ವಿವರಿಸಿದರು. ನಿಜ ಹೇಳುತ್ತೇನೆ, ನನಗೆ ಅದು ಮೊದಲ ಸಲ ಅರ್ಥವಾಯಿತು. ಅಷ್ಟರಲ್ಲಿ ಹುಡುಗಿ ಮೇಲಿನ ಕರ್ಚೀಫು ಎತ್ತಿ ಮೂಗು ಒರೆಸಿಕೊಂಡಳು.

ಒಳಗೆ ಕಟ್ಟೆಯ ಮೇಲೆ ಸಾಲಾಗಿ ಗೋರಿಗಳು. ಮಹಮ್ಮದ್ ಆದಿಲ್ ಶಾಹ್ 1627ರಲ್ಲಿ ಪಟ್ಟಕ್ಕೆ ಬಂದ, ಹೆಚ್ಚುಕಡಿಮೆ ಆಗಲೇ ಈ ಕೆಲಸಕ್ಕೆ ಕೈ ಹಚ್ಚಿಸಿದ, 1656ರಲ್ಲಿ ತೀರಿಕೊಂಡು ಇಲ್ಲೇ ಮಲಗಿದ ಅಂತ ಭಾವ ಹೇಳಿದರು.

“ರಾಜ ಆದ ತಕ್ಷಣ ಗೋರಿ ಕಟ್ಟಿಸಿದ್ನಾ?”

“ಹೂಂ.”

“ಯಾಕೆ, ಹುಷಾರಿರ್ಲಿಲ್ವಾ?”

ಪಕ್ಕದಲ್ಲಿದ್ದ ಗೈಡು ನಗು ತಡೆಯಲಾರದೆ ನೆರವಿಗೆ ಬಂದ. “ಖರೇ ಗೋರಿ ಕೆಳಗ ನೆಲಮಾಳಿಗ್ಯಾಗ ಅದಾವ್ರೀ. ಇವು ಮ್ಯಾಲಿನ ಗುರುತು ಅಷ್ಟ.” ಹುಡುಗನ ಮುಖ ಅರಳಿತು. “ಹಾಗಾದ್ರೆ ಅಪ್ಪ ದುಡ್ಡು ಕೊಟ್ಟಿದ್ದು ಡುಪ್ಲಿಕೇಟ್ ನೋಡೋಕೆ!”

ಆಮೇಲೆ ಮೆಟ್ಟಿಲು. ನಾಲ್ಕು ಮೂಲೆಗೆ ಏಳೇಳು ಅಂತಸ್ತಿನ ಎಂಟು ಮೂಲೆಯ ಗೋಪುರಗಳು, ಅವುಗಳೊಳಗೆ ಸುತ್ತಿಕೊಂಡು ಏರುವ ಇಕ್ಕಟ್ಟಾದ ಕಡಿದು ಮೆಟ್ಟಿಲು. ಇಲ್ಲಿಯವರೆಗೆ “ಕಾಲು ನೋವು, ಎತ್ಕೋ” ಎನ್ನುತ್ತಿದ್ದ ಹುಡುಗಿ ಮೆಟ್ಟಿಲು ಕಂಡದ್ದೇ ಮಾಯ. ಒಂದೊಂದು ಅಂತಸ್ತಿನ ಕಿಂಡಿಯಲ್ಲೂ ಭಾವ ನಿಂತು “ಆಹಾ, ಊರು ಎಷ್ಟು ಚೆನ್ನಾಗಿ ಕಾಣುತ್ತೆ ನೋಡೋ” ಎನ್ನುತ್ತಿದ್ದರು. ನಾನೂ ನೋಡುತ್ತಿದ್ದೆ. ಇಬ್ಬರೂ ಊರು ನೋಡಲು ನಿಂತಿಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ಮೇಲೆ ಹೋದರೆ ಪಿಸುಗುಟ್ಟುವ ಗ್ಯಾಲರಿ. ಇಲ್ಲಿ ಗೋಡೆಗೆ ಬಾಯಿ ಇಟ್ಟು ಉಸುರಿದರೆ ದುಂಡು ಗೋಡೆಯಗುಂಟ ಹರಿದು ಎದುರು ಬದಿಯವರ ಕಿವಿಗೆ ಬೀಳುತ್ತದೆ. ಗಟ್ಟಿಯಾಗಿ ಕೂಗಿದರೆ ಏಳು ಸಲ, ಅದಕ್ಕೂ ಹೆಚ್ಚು ಸಲ ಮರಳುತ್ತದೆ. ಇದನ್ನು ಸವಿಯಬೇಕಾದರೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಬೇಕು, ಪ್ರವಾಸದ ಪುಸ್ತಕಗಳೆಲ್ಲ ಹೇಳುವುದೂ ಅದನ್ನೇ. ಮಕ್ಕಳನ್ನು ಎಬ್ಬಿಸಿ, ತಲೆ ಬಾಚಿ, ಇಡ್ಲಿ ತಿನ್ನಿಸಿ, ಬಿಟ್ಟು ಬಂದ ಟೋಪಿಗೆ ಮತ್ತೆ ರೂಮಿಗೆ ಓಡಿ ಹೊರಟವರು ಯಾರೂ ಅಂಥ ಪುಸ್ತಕ ಬರೆದಂತಿಲ್ಲ.

ನಾವು ಏರುವಷ್ಟರಲ್ಲಿ ಎರಡು ಬಸ್ಸಿನ ಶಾಲಾ ಪ್ರವಾಸ ನಮಗಿಂತ ಮೊದಲೇ ಏರಿತ್ತು. ನೂರು ಮಕ್ಕಳನ್ನು ಏಳರಿಂದ ಗುಣಿಸಿಕೊಳ್ಳಿ. ಅದರ ನಡುವೆ ಒಬ್ಬ ಮೇಷ್ಟ್ರು ಎಲ್ಲರನ್ನೂ ಸಾಲಿಗೆ ನಿಲ್ಲಿಸಲು ಸೀಟಿ ಊದಿದರು. ಆ ಒಂದು ಸೀಟಿ ಎಡದಿಂದ, ಬಲದಿಂದ, ನೆತ್ತಿಯಿಂದ, ಪಾತಾಳದಿಂದ ಬಂತು. ಮಕ್ಕಳು ಕರೆ ಬಂದ ಕಡೆಗೆ ಓಡುವ ವಿಧೇಯ ಮಕ್ಕಳು. ಎಲ್ಲ ಕಡೆಗೂ ಓಡಿದವು. ಮೇಷ್ಟ್ರು ಇನ್ನೊಮ್ಮೆ ಊದಿದರು. ಆಮೇಲಿನ ಕಥೆ ಬೇಡ.

ಅಕ್ಕ ಹುಡುಗನಿಗೆ “ಕಿರುಚಬೇಡ್ವೋ!” ಎಂದು ಕಿರುಚಿದಳು. ಬೇಡ್ವೋ, ಬೇಡ್ವೋ, ಬೇಡ್ವೋ ಎಂದು ಗುಮ್ಮಟ ಅವಳ ಪರ ವಹಿಸಿತು. ಮನೆಯಲ್ಲಾದರೆ ಒಂದೊಂದು ಮಾತನ್ನೂ ಅವಳೇ ಏಳೇಳು ಸಲ ಹೇಳಬೇಕು. “ನೋಡೇ, ಇಲ್ಲಿ ಒಂದು ಸಲ ಹೇಳಿದ್ರೆ ಸಾಕು” ಅಂದೆ. ಅವಳಿಗೆ ಆ ಸೌಕರ್ಯ ಎಷ್ಟು ಹಿಡಿಸಿತೆಂದರೆ, ಭಾವನಿಗೂ ಬಾಕಿ ಇದ್ದ ಒಂದೆರಡು ಮಾತನ್ನು ಅಲ್ಲೇ ತೀರಿಸಿಬಿಟ್ಟಳು.

ಅಷ್ಟು ಗದ್ದಲದಲ್ಲೂ ನಾನು ಗಮನಿಸಿದ್ದು ಒಂದಿದೆ. ಮಕ್ಕಳು ಒಂದು ಸುತ್ತು ಕೂಗಿ ಸುಸ್ತಾಗಿ ಕುಳಿತವು. ಕೂಗುವುದು ನಿಲ್ಲಿಸದೆ ಉಳಿದವರು ದೊಡ್ಡವರು. ರಿಟೈರ್ ಆದವರ ಹಾಗೆ ಕಾಣುತ್ತಿದ್ದ ಯಜಮಾನರೊಬ್ಬರು ಎಡ ಬಲ ನೋಡಿ, ಮಫ್ಲರ್ ಸರಿಸಿ, “ಕೂಊ” ಎಂದರು. ಮಕ್ಕಳ ನೆಪ ಇಲ್ಲದಿದ್ದರೆ ಅಂಥವರು ಹಾಗೆ ಕೂಗುವುದು ಹೇಗೆ? ಬಹುಶಃ ಮಕ್ಕಳನ್ನು ಕರೆತರುವುದೇ ಅದಕ್ಕೆ.

ಇಳಿದು ಬಂದು ಟಾಂಗಾ ಹತ್ತಿದೆವು. ಎದುರಿನ ನಗಾರಖಾನೆಯ ಮ್ಯೂಸಿಯಮ್ಮನ್ನು ಭಾವ ಕತ್ತು ತಿರುಗಿಸಿ ತಿರುಗಿಸಿ ನೋಡಿದರು. ಯಾರೂ ಕರುಣೆ ತೋರಲಿಲ್ಲ.

ಇಬ್ರಾಹಿಂ ರೋಜಾ ಕಂಡಾಗ ಹುಡುಗಿ ಕೇಳಿದ್ದು ಒಂದೇ ಮಾತು: “ಮತ್ತೆ ಗೋರೀನಾ, ಮಾಮ?” ಎರಡನೇ ಇಬ್ರಾಹಿಂ ಸರಸ್ವತಿಯನ್ನು ಸ್ತುತಿಸಿದವನು, ಸಂಗೀತದ ಮೇಲೆ ‘ಕಿತಾಬ್-ಎ-ನೌರಸ್’ ಬರೆದವನು, ಜಗದ್ಗುರು ಬಾದಶಾಹ ಅನ್ನಿಸಿಕೊಂಡವನು ಅಂತ ನಾನು ಒಂದಿಷ್ಟು ಬಿಡಿಸಿ ಹೇಳಿದೆ. ಅವಳು ಹಿಡಿದದ್ದು ಬಿಡಲಿಲ್ಲ. “ಸತ್ತಮೇಲೆ ಇಷ್ಟು ದೊಡ್ಡ ಮನೆ. ಬದುಕಿದ್ದಾಗ ಎಲ್ಲಿದ್ರು?” ಇದು ಭಾವನ ಕರ್ಚೀಫಿಗಿಂತ ದೊಡ್ಡ ಪ್ರಶ್ನೆ. ಊರೊಳಗಿನ ಗಗನ ಮಹಲಿನ ಎತ್ತರದ ಕಮಾನು ಉಳಿದಿದೆ, ಮಾಳಿಗೆ ಇಲ್ಲ. ಸಾತ್ ಮಂಜಿಲ್ ಮುರಿದು ನಿಂತಿದೆ. ಬಾಳಿದ ಮನೆಗಳು ಬಿದ್ದವು, ಮಲಗಿದ ಮನೆಗಳು ನಿಂತವು. ಅವಳಿಗೆ ತೋರಿಸಿದಾಗ “ರಿಪೇರಿ ಮಾಡಿಸ್ಬೇಕಿತ್ತು” ಅಂದಳು.

ಬಾರಾ ಕಮಾನಿನಲ್ಲಿ ಭಾವ ಅವಕಾಶ ಬಿಡಲಿಲ್ಲ. ಎರಡನೇ ಅಲಿ ಆದಿಲ್ ಶಾಹ್ ತನಗೆಂದು ಶುರುಮಾಡಿ ಮುಗಿಯದೇ ಉಳಿದದ್ದು ಅದು. ಮೇಲೆ ಬರೀ ಆಕಾಶ. “ನೋಡು, ಕೆಲಸ ಅರ್ಧಕ್ಕೆ ನಿಲ್ಸಿದ್ರೆ ಹೀಗಾಗುತ್ತೆ.” ಹುಡುಗ ಸುತ್ತ ಫೋಟೊ ತೆಗೆಸಿಕೊಳ್ಳುತ್ತಿದ್ದ ಜನರನ್ನು ನೋಡಿ, “ಆದ್ರೂ ಎಷ್ಟೊಂದು ಜನ ಬಂದಿದ್ದಾರಲ್ಲಪ್ಪ” ಅಂದ.

ಇಬ್ಬರೂ ಒಪ್ಪಿದ್ದು ಮಲಿಕ್-ಎ-ಮೈದಾನ್ ತೋಪನ್ನು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್ನು, ಮೂತಿಗೆ ಸಿಂಹದ ಬಾಯಿ, ಬಾಯೊಳಗೆ ಜಜ್ಜಿಹೋಗುತ್ತಿರುವ ಆನೆ. ಇದನ್ನು 1854ರಲ್ಲಿ ಹರಾಜಿಗೆ ಹಾಕಿದಾಗ ಬಂದ ಬೆಲೆ 150 ರೂಪಾಯಿ. ಆಮೇಲೆ ಮಾರಾಟ ರದ್ದಾಯಿತು. ಹುಡುಗ ಬೆರಳು ಮಡಚಿ ಎಣಿಸಿದ. “ನನ್ನ ಹುಂಡಿಯಲ್ಲಿ ಅದಕ್ಕಿಂತ ಜಾಸ್ತಿ ಇದೆ” ಎಂದು ಟಾಂಗಾದವರ ಕಡೆ ತಿರುಗಿ, ಕುದುರೆ ಇದನ್ನು ಸ್ಟೇಷನ್ನಿನವರೆಗೆ ಎಳೆಯಬಹುದೇ ಅಂತ ವಿಚಾರಿಸಿದ. “ಕುದ್ರೀ ಕೇಳಿ ಹೇಳ್ತೀನ್ರೀ ಸಾಹೇಬ್ರ” ಅಂದರು ಅವರು ಗಂಭೀರವಾಗಿ.

ರಾತ್ರಿ ಖಾನಾವಳಿಯಲ್ಲಿ ಜೋಳದ ರೊಟ್ಟಿ ಮುರಿಯುತ್ತ ಭಾವ ನಾಳೆಯ ಯೋಜನೆ ಬಿಚ್ಚಿದರು. ಬಾದಾಮಿ.

“ಅಲ್ಲಿ ಎಷ್ಟು ಗೋರಿ?” ಹುಡುಗಿ ಶೇಂಗಾ ಚಟ್ನಿ ನೆಕ್ಕುತ್ತ ಕೇಳಿದಳು.

“ಗೋರಿ ಅಲ್ಲಮ್ಮ, ಗುಹೆ. ಚಾಲುಕ್ಯರದ್ದು, ಆರನೇ ಶತಮಾನ...”

“ಕೋತಿ ಇದೆಯಾ?”

“ಬೇಕಾದಷ್ಟು.”

“ಸರಿ, ಹೋಗೋಣ.”